ಅತ್ತೆ ಆರಿಸಿದ ಪ್ಲೇಯರ್

“ಮುಟ್ಟಿದ್ರೆ ಸಾಕು ಕಣಜ್ಜಿ, ಹಾಡುತ್ತೆ!” ಲಷ್ಕರ್ ಮೊಹಲ್ಲಾದ ಅಂಗಡಿಯವನು ಬೆಂಕಿಪೆಟ್ಟಿಗೆಯಷ್ಟು ಪುಟ್ಟ ಮ್ಯೂಸಿಕ್ ಪ್ಲೇಯರನ್ನು ನನ್ನ ಅತ್ತೆಯ ಅಂಗೈಯಲ್ಲಿಟ್ಟ. ಗಾಜಿನಂತೆ ನುಣುಪಾಗಿದ್ದ ಅದನ್ನು ಸವರಿ ನೋಡಿ ಅತ್ತೆ ನಕ್ಕರು. “ಎಲ್ಲಿ ಮುಟ್ಬೇಕು ಅಂತ ಕಾಣ್ಬೇಕಲ್ಲಪ್ಪ ನಂಗೆ!”

ಅವರಿಗೆ ಕಣ್ಣು ಕಾಣುವುದಿಲ್ಲವೆಂದು ಅವನಿಗೆ ತಿಳಿದದ್ದೇ ಆಗ. ಮನೆಯಲ್ಲಿ ಒಂದು ಹಾಡು ಬೇಕೆಂದರೂ ಫೋನಿನಲ್ಲಿ ಹಾಕಿಕೊಡಲು ಅವರು ಯಾರನ್ನಾದರೂ ಕರೆಯಬೇಕಿತ್ತು. ಸೀರೆ ವ್ಯಾಪಾರದಲ್ಲಿ ಪಳಗಿದ ನಾನು ಚೌಕಾಸಿಗೆ ಸಿದ್ಧಳಾಗಿಯೇ ಹೋಗಿದ್ದೆ. ಅತ್ತೆ ನನಗೆ ಬಾಯಿ ತೆರೆಯಲು ಬಿಟ್ಟರೆ ತಾನೆ! ಒಂದೊಂದನ್ನೇ ತಡವಿ, ಗುಂಡಿಗಳು ಉಬ್ಬಿದ್ದ ಅಗ್ಗದ್ದೊಂದನ್ನು ಹಿಡಿದರು. ತಾವೇ ಹಾಡು ಹಾಕಿದರು, ಸದ್ದು ಏರಿಸಿದರು, ನಿಲ್ಲಿಸಿದರು.

“ಇದೇ ಇರ್ಲಿ. ಮೆಮೊರಿ ಕಾರ್ಡಿಗೆ ದೇವರನಾಮ ತುಂಬ್ಸಿ ಕೊಡು. ಅದಕ್ಕೆ ಬೇರೆ ದುಡ್ಡು ಕೇಳ್ಬ್ಯಾಡ.”

ಅಂಗಡಿಯವನು ಒಪ್ಪಿ, ಹಾಡು ತುಂಬಿಸಿಕೊಟ್ಟ. ನನಗೆ ಹೆಮ್ಮೆಯೋ ಹೆಮ್ಮೆ.

ಇಂಥದ್ದು ಕೊಳ್ಳುವವರಿಗೆ ನನ್ನದೊಂದು ಸಲಹೆ: ಬಳಸುವವರನ್ನೇ ಅಂಗಡಿಗೆ ಕರೆದೊಯ್ದು, ಅವರ ಕೈಗೇ ಕೊಟ್ಟು ನೋಡಿ. ನಮ್ಮತ್ತೆ ಈಗ ಹಾಡಿಗಾಗಿ ಯಾರನ್ನೂ ಕಾಯುವುದಿಲ್ಲ. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದರೆ ಹಾಲ್‌ನಿಂದ ಅವರೇ ಕೂಗಿ ಕೇಳುತ್ತಾರೆ: “ನಿಂಗ್ಯಾವ್ ಹಾಡು ಹಾಕ್ಲಮ್ಮ?”