ಕಾಲು ಹಿಡಿಯಲು ಹೇಳಿದವರಿಗೆ

ನನ್ನ ತಮ್ಮನ ಮಗಳಿಗೆ ನಾಲ್ಕು ವರ್ಷ. ಹಟ ಬಂತೆಂದರೆ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳುತ್ತಾಳೆ, ಹತ್ತಿರ ಹೋದವರ ಕೈ ಕಚ್ಚುತ್ತಾಳೆ. ಒಮ್ಮೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಹೊರಳಾಡಿದಾಗ ಸುತ್ತ ನಿಂತವರೆಲ್ಲ ಗುರಾಯಿಸಿದ್ದು ಮಗುವನ್ನಲ್ಲ, ಅದರ ತಾಯಿಯನ್ನು. "ಎರಡ್ ಬಿಗುದ್ರೆ ಸರಿಓಯ್ತಳೆ, ಏನ್ ತಾಯಮ್ಮ ನೀನು" ಅಂತ ಒಬ್ಬ ಮಹಾಶಯನ ಉಪದೇಶ ಬೇರೆ. "ನಿಮ್ಮನೇಲಿ ಬಿಗ್ಕೊಳೋಗಿ ಸಾ" ಎಂದೆ. ಬಸ್ಸು ಬರುವವರೆಗೂ ಅವನು ನಮ್ಮ ಕಡೆ ತಿರುಗಲಿಲ್ಲ.

ಮಕ್ಕಳ ಡಾಕ್ಟರು ಹೇಳಿದ್ದು ಇಷ್ಟೇ: ಹೊಡೆಯಬೇಡಿ, ಪೆಟ್ಟಾಗದಂತೆ ನೋಡಿಕೊಳ್ಳಿ, ಅಳು ಇಳಿದ ಮೇಲೆ ಮಾತಾಡಿ, ಆಗಾಗ ಕರಕೊಂಡು ಬನ್ನಿ. ತಮ್ಮನ ಹೆಂಡತಿ ಹಾಗೇ ಮಾಡುತ್ತಿದ್ದಳು. ಆದರೆ ಹೊನ್ನೂರಿನ ನನ್ನ ತವರುಮನೆಯಲ್ಲಿ ಅವ್ವನ ಕಣ್ಣಿಗೆ, ಮಗು ಅರಚುವಾಗ ಕೈಯೆತ್ತದ ಸೊಸೆ ಬರೀ ಸೋಮಾರಿ.

ಒಂದು ಭಾನುವಾರ ಅವಳ ಫೋನು ಬಂತು. "ಅಕ್ಕ, ಮದ್ಯಾನಕ್ಕೆ ಕೂಸ್ಗೆ ಬರೆ ಆಕ್ಸ್ತರಂತೆ. ನನ್ನೇ ಕಾಲಿಡ್ಕೊ ಅಂತವ್ರೆ. ನಿಮ್ ತಮ್ಮನೂ ಬಾಯ್ ಬುಡ್ನಿಲ್ಲ."

ನಮ್ಮ ಕಡೆ ಹಟಮಾರಿ ಮಕ್ಕಳ ಹೊಟ್ಟೆಯ ಮೇಲೆ ಕಾದ ಕಬ್ಬಿಣದಿಂದ ಬರೆ ಎಳೆಸುತ್ತಾರೆ. ಹೆತ್ತವಳೇ ಕಾಲು ಹಿಡಿಯಬೇಕು. ಬೇರೆಯವರು ಹಿಡಿದರೆ ಹಟ ಇಳಿಯುವುದಿಲ್ಲವಂತೆ. ಯಾವ ಪುಣ್ಯಾತ್ಮ ಕಂಡುಹಿಡಿದನೋ! ನನಗೆ ಮೈಯೆಲ್ಲ ಉರಿದುಹೋಯಿತು. ಕುದಿಯುತ್ತಿದ್ದ ಸಾರು ಇಳಿಸಿ, ಸಿಕ್ಕ ಬಸ್ಸು ಹತ್ತಿದೆ.

ಹೋಗುವಷ್ಟರಲ್ಲಿ ಒಲೆಯಲ್ಲಿ ಕುಡುಗೋಲು ಕಾಯುತ್ತಿತ್ತು. ಬರೆ ಹಾಕುವ ಅಜ್ಜಿ ಎಲೆಅಡಿಕೆ ಜಗಿಯುತ್ತ ಕೂತಿದ್ದಳು. ತಮ್ಮ ಗೋಡೆ ನೋಡುತ್ತಿದ್ದ. ಅವನ ಹೆಂಡತಿ ಮಗುವನ್ನು ಎದೆಗೆ ಅವುಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ನಾನು ಹೋಗಿ ಅವಳ ಮುಂದೆ ಅಡ್ಡ ನಿಂತೆ.

"ನೀ ಯಾಕ್ ಬಂದೆ? ಕೊಟ್ಟ ಎಣ್ಣು, ಇಲ್ಲಿ ಬಾಯಾಕ್ಬ್ಯಾಡ," ಅಂದಳು ಅವ್ವ. "ಬರೆ ಬಿದ್ರೆ ಹಟ ಬುಡ್ತದೆ."

"ಬುಡ್ತದಾ?" ಎಂದು ಸೆರಗು ಸರಿಸಿ ಹೊಟ್ಟೆ ತೋರಿಸಿದೆ. ಹೊಕ್ಕುಳ ಪಕ್ಕ ಎರಡು ಗೆರೆ. ನಾನೂ ಚಿಕ್ಕವಳಿದ್ದಾಗ ಕಚ್ಚುತ್ತಿದ್ದೆನಂತೆ. "ನೋಡವ್ವ. ನೀನೇ ಕಾಲಿಡ್ಕಂಡು ಆಕ್ಸಿದ್ದು. ನನ್ ಹಟ ಓಯ್ತಾ? ಇವತ್ತೂ ನಿನ್ ಎದ್ರುಗೇ ನಿಂತಿಲ್ವಾ?"

ಅಜ್ಜಿ ಕಿಸಕ್ಕನೆ ನಕ್ಕಳು. ಅವ್ವ ನಗಲಿಲ್ಲ. ನನ್ನ ಹೊಟ್ಟೆಯನ್ನೇ ನೋಡುತ್ತ ನಿಂತಳು.

"ನಾ ಬ್ಯಾಡ ಅಂದಿದ್ದೆ ಕಣವ್ವ," ಅಂದಳು ಕೊನೆಗೆ, ಸಣ್ಣ ದನಿಯಲ್ಲಿ. "ನಮ್ಮತ್ತೆ ಇಡ್ಕೊ ಅಂದ್ರು. ಅಟ್ಟೀಲಿ ಒಬ್ರೂ ನನ್ ಕಡೀಕೆ ಮಾತಾಡ್ನಿಲ್ಲ. ಇಡ್ಕಂಡೆ."

ಇಷ್ಟು ವರ್ಷ ಅವ್ವನ ಮೇಲೆ ಸಾಕಿಕೊಂಡಿದ್ದ ಸಿಟ್ಟನ್ನು ಈಗ ಯಾರ ಮೇಲೆ ಹಾಕಲಿ? ಆದರೆ ಕುಡುಗೋಲು ಇನ್ನೂ ಒಲೆಯಲ್ಲೇ ಇತ್ತು.

"ಇವಳ ಕಡೀಕೆ ನಾನ್ ಮಾತಾಡ್ತಿವ್ನಿ," ಎಂದೆ. "ನೀನೂ ಮಾತಾಡು."

ಅವ್ವ ಬಿಂದಿಗೆ ಎತ್ತಿ ಒಲೆಗೆ ನೀರು ಸುರಿದಳು. ಆ ಸದ್ದಿಗೆ ಬೆದರಿದ ಮಗು ತಾಯಿಯ ತೋಳಿನಿಂದ ಜಾರಿ, ನೆಲಕ್ಕೆ ಬಿದ್ದು, ಮನೆ ಹಾರಿಹೋಗುವಂತೆ ಅರಚತೊಡಗಿತು.

"ನೋಡ್ದಾ, ನೋಡ್ದಾ?" ಅಂದಳು ಅಜ್ಜಿ.

ಅವ್ವ ಅವಳತ್ತ ತಿರುಗಿದಳು. "ಅರಚ್ಲಿ ಬುಡು. ಅದು ನಮ್ ಕೂಸು. ನೀನೆದ್ದು ನಿನ್ನಟ್ಟಿಗೆ ಓಗು."