ಉಣ್ಣುವ ಕೈ

ಪುಟ್ಟಮಾದಯ್ಯನವರ ಎಡ ಮಣಿಕಟ್ಟಿನಲ್ಲಿ ಬಳೆಯಂಥ ಕಪ್ಪು ಗೆರೆಯಿತ್ತು. ಬಲಗೈಯಲ್ಲಿತ್ತೇನೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ. ಇಲ್ಲ, ಎಡಗೈಯೇ. ಕೈದಿಯ ಬಲಗೈಗೂ ತಮ್ಮ ಎಡಗೈಗೂ ಒಂದೇ ಬೇಡಿ ಹಾಕಿಕೊಂಡು, ನಂಜನಗೂಡಿನಿಂದ ಟಿ. ನರಸೀಪುರದ ಕೋರ್ಟಿಗೆ ಬಸ್ಸಿನಲ್ಲಿ ಕರೆತರುತ್ತಿದ್ದ ಪೇದೆ ಅವರು. "ನನ್ನಷ್ಟು ಸಲ ಬೇಡಿ ಆಕುಸ್ಕೊಂಡ ಕಳ್ಳ ಈ ಜಿಲ್ಲೇಲೇ ಇಲ್ಲ ಕಣ್ರೀ ಲಾಯರ್ ಸಾ," ಎಂದು ನಗುತ್ತಿದ್ದರು. ಆ ಲಾಯರ್ ನಾನು.

ಊಟದ ಹೊತ್ತಿಗೆ ಮಾತ್ರ ಬೇಡಿ ಬಿಚ್ಚುತ್ತಿದ್ದರು. ನಿಯಮಕ್ಕೆ ವಿರುದ್ಧವಲ್ಲವೇ ಎಂದರೆ, "ಎಡಗೈಲಿ ಉಣ್ಲಾ ಅಂತ ಯಾವ ಬಾಯಲ್ಲಿ ಏಳ್ಲಿ? ಕಳ್ಳ ಉಂಡ್ರೂ ಅನ್ನ ಅನ್ನವೇ."

ಒಂದು ಮಧ್ಯಾಹ್ನ ನಂಜನಗೂಡಿನ ಹೋಟೆಲೊಂದರಲ್ಲಿ, ಪಂಪ್‌ಸೆಟ್ ಕದ್ದ ಆರೋಪದವನೊಬ್ಬ ಮುದ್ದೆ ಮುಗಿಸಿ ಕೈತೊಳೆಯಲು ಹಿತ್ತಿಲಿಗೆ ಹೋದವನು ಮರಳಲಿಲ್ಲ. ಪುಟ್ಟಮಾದಯ್ಯ ಸಾರು ತೊಟ್ಟಿಕ್ಕುವ ಕೈಯೆತ್ತಿಕೊಂಡು ಬೀದಿಯಲ್ಲಿ ಓಡಿದ್ದು ಕಣ್ಣಿಗೆ ಕಟ್ಟಿದೆ. ಆದರೆ ನಾನು ಅಲ್ಲಿರಲೇ ಇಲ್ಲ. ಹೋಟೆಲಿನವನ ಸಾಕ್ಷ್ಯ ಕೇಳಿ ಕಟ್ಟಿಕೊಂಡ ಚಿತ್ರವದು. ಸಾರು ನನ್ನದೇ ಸೇರ್ಪಡೆಯಿರಬೇಕು.

ನಿರ್ಲಕ್ಷ್ಯದಿಂದ ಕೈದಿಯನ್ನು ತಪ್ಪಿಸಿಕೊಳ್ಳಲು ಬಿಟ್ಟರೆಂದು ಅವರ ಮೇಲೆ ಮೊಕದ್ದಮೆಯಾಯಿತು. ಸಾಬೀತಾದರೆ ಜೈಲು, ಕೆಲಸವೂ ಹೋದಂತೆ. ಬೇಡಿ ಹಳೆಯದಾಗಿತ್ತು. ಅದು ತಾನಾಗಿ ಬಿಚ್ಚಿಕೊಂಡದ್ದೋ, ಅವರೇ ಬಿಚ್ಚಿದ್ದೋ ಕಂಡವರಿರಲಿಲ್ಲ. ಅವರ ಪರ ವಾದಿಸಲು ನಿಂತ ನಾನು, "ಸುಮ್ಮನಿರಿ, ಸರ್ಕಾರದವರೇ ರುಜುವಾತು ಮಾಡಲಿ," ಎಂದೆ.

"ಬೇಡಿ ಮ್ಯಾಲೆ ಯಾಕ್ಸಾ ಆಕೋದು? ಬಿಚ್ಚಿದ್ದು ನಾನು. ಓಡ್ಸಕ್ಕಲ್ಲ, ಉಣ್ಣಕ್ಕೆ."

ಕಟಕಟೆಯಲ್ಲೂ ಅದನ್ನೇ ಹೇಳಿದರು. ನ್ಯಾಯಾಧೀಶರು ಪೂರ್ತಿ ನಂಬಿದರು. ನಂಬಿದ್ದರಿಂದಲೇ ಶಿಕ್ಷೆಯಾಯಿತು, ಬೆನ್ನಿಗೇ ಕೆಲಸದಿಂದ ವಜಾ. ಅಪೀಲು ಹಾಕಿ ಜಾಮೀನು ಕೊಡಿಸಿದೆ.

ಕೊನೆಯ ಸಲ ಸಿಕ್ಕಾಗ ಕೋರ್ಟಿನ ಎದುರು ಟೀ ಕುಡಿಯುತ್ತಿದ್ದರು. ಓಡಿದವನು ಬನ್ನೂರಿನಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದಿತ್ತು. "ತಟ್ಟೆ ಮುಂದೆ ಕುಂತವ್ನ ನಂಬ್ದೆ ಸಾ," ಎಂದರು. "ಬಡ್ಡೀಮಗ, ಮಜ್ಜಿಗೆ ಬರೋಗಂಟನಾದ್ರೂ ಕಾಯ್ಬಾರ್ದಾಗಿತ್ತಾ?" ನಕ್ಕರು ಎಂದು ನೆನಪು. ನಗದೆಯೂ ಇದ್ದಿರಬಹುದು, ನಕ್ಕದ್ದು ನಾನೊಬ್ಬನೇ ಇರಬಹುದು.

ಅಪೀಲು ವಿಚಾರಣೆಗೆ ಬರುವ ಮೊದಲೇ ತೀರಿಕೊಂಡರು. ಮನೆಯವರು ಮುಂದುವರಿಸದಿದ್ದರೆ ಅಪೀಲು ಅಲ್ಲಿಗೇ ಮುಗಿದು, ಅಪರಾಧಿಯೆಂಬ ತೀರ್ಪು ಹಾಗೇ ಉಳಿಯುತ್ತದೆ ಎಂದು ಅವರ ಹೆಂಡತಿಗೆ ತಿಳಿಸಿ ಹೇಳಿದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಬ್ಯಾಡ ಬುಡಿ ಸಾ. ಬಿಚ್ಚಿದ್ದು ಅವ್ರೇ ಅಲ್ವಾ?"