ನಿಂಗಮ್ಮನ ಕೊನೇ ಪರೀಕ್ಷೆ

ಮಂಡ್ಯದ ಮಕ್ಕಳ ಮನೆಯೊಂದಕ್ಕೆ ಆವತ್ತು ದುಭಾಷಿಯಾಗಿ ಹೋಗಿದ್ದೆ. ಇಟಲಿಯಿಂದ ಬಂದ ಗಂಡ ಹೆಂಡತಿ ಐದು ವರ್ಷದ ಹುಡುಗಿಯೊಬ್ಬಳನ್ನು ದತ್ತು ತೆಗೆದುಕೊಂಡು ಹೊರಟಿದ್ದರು. ಆದೇಶ, ಪಾಸ್‌ಪೋರ್ಟು ಎಲ್ಲಾ ಕೈಗೆ ಬಂದಿತ್ತು. ಮಗುವನ್ನು ಸಾಕಿದ್ದ ಆಯಾ ನಿಂಗಮ್ಮ ಮಾತ್ರ ಅದರ ಕೈ ಬಿಡಲೊಲ್ಲಳು.

"ಇವರ್ಗೆ ಮುದ್ದೆ ಮಾಡಕ್ ಬತ್ತದಾ ಕೇಳಿ ಸಾ. ನಮ್ ಕೂಸು ಮುದ್ದೆ ಇಲ್ದೆ ಒಂದಿನಾನೂ ಉಂಡಿಲ್ಲ."

ಇದನ್ನೆಲ್ಲ ಕೇಳೋದುಂಟೇ ಅಂತ ಮುಜುಗರಪಡುತ್ತಲೇ ಇಂಗ್ಲಿಷಿನಲ್ಲಿ ಕೇಳಿದೆ. ಆ ಗಂಡ ನಕ್ಕು ಅಂಗಿಯ ತೋಳು ಮಡಚಿದ. ಮಗುವಿನ ಬಗ್ಗೆ ಬಂದ ವರದಿಯಲ್ಲಿ ಇಷ್ಟದ ಊಟ ರಾಗಿ ಮುದ್ದೆ ಅಂತ ಬರೆದಿತ್ತಂತೆ. ಅದನ್ನು ಓದಿದ ವಾರವೇ ರಾಗಿ ಹಿಟ್ಟು ತರಿಸಿ ಕಲಿಯೋಕೆ ಶುರುಮಾಡಿದ್ದನಂತೆ.

ನಿಂಗಮ್ಮ ನಂಬಲಿಲ್ಲ. ಅಡಿಗೆಮನೆಗೆ ಕರೆದೊಯ್ದು ಮುದ್ದೆ ಕೋಲು ಕೈಗೆ ಕೊಟ್ಟಳು. ಆರಡಿ ಎತ್ತರದ ಆ ಮನುಷ್ಯ ಪಾತ್ರೆಯ ಮೇಲೆ ಬಗ್ಗಿ, ಬೆವರಿಳಿಸಿಕೊಂಡು ತಿರುವಿದ. ಕೈಗೆ ನೀರು ಹಚ್ಚಿಕೊಂಡು, ಉಫ್ ಉಫ್ ಅನ್ನುತ್ತಾ ಮುದ್ದೆ ಕಟ್ಟಿದ. ನಿಂಗಮ್ಮ ಅದನ್ನು ಮುರಿದು ನೋಡಿದಳು. ಒಳಗೆ ಒಂದು ಗಂಟೂ ಇರಲಿಲ್ಲ. ಹುಡುಗಿ ಸಾರಿಗದ್ದಿದ ತುತ್ತೊಂದನ್ನು ನುಂಗಿ, ಇನ್ನೊಂದಕ್ಕೆ ಅವನ ಮುಂದೆಯೇ ಬಾಯಿ ತೆರೆದು ನಿಂತಳು.

ನಿಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಿಮ್ಮಪ್ಪನ್ ಜೊತೆ ಓಗ್ಬುಟ್ಟು ಬಾ ಕಣವ್ವ."

ನಾನು ಇದೇ ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಹುಟ್ಟಿ ಬೆಳೆದವನು, ದಿನಾ ಎರಡು ಮುದ್ದೆ ನುಂಗುವವನು. ಇವತ್ತಿನವರೆಗೂ ಆ ಕೋಲು ಮುಟ್ಟಿಲ್ಲ. ನಿಂಗಮ್ಮನ ಪರೀಕ್ಷೆ ನನಗೂ ಇದ್ದಿದ್ದರೆ, ನನ್ನ ಸ್ವಂತ ಮಗಳನ್ನೂ ನನ್ನ ಕೈಗೆ ಕೊಡುತ್ತಿರಲಿಲ್ಲ.